ಸಾರಥಿಯಿಲ್ಲದ ರಥವೂ ನಮ್ಮ ಸಡಕುಗಳೂ

ಬಂಡಿಗೊಬ್ಬ ಬಂಡಿಕಾರ ಬೇಕೇಬೇಕೆಂಬುದು ಇತ್ತೀಚಿನವರೆಗೆ ಯಾರೂ ವಾದಕ್ಕೆ ಎತ್ತಿಕೊಳ್ಳದ ಮಾತಾಗಿತ್ತು. ಸಂತೆ ಮುಗಿಸಿ ಹಿಂದಿರುಗುವ ರೈತನು ಚಕ್ಕಡಿಯಲ್ಲಿ ಕಂಬಳಿ ಹೊದ್ದು ನಿದ್ರೆಹೋದರೂ ಎತ್ತುಗಳು ತಾವಾಗಿ ಹಾದಿ ಹಿಡಿದು ಮನೆಯ ಮುಂದೆ ಬಂದು ನಿಲ್ಲುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಲೆಕ್ಕದಿಂದ ಚಾಲಕನಿಲ್ಲದ ವಾಹನವು ಯಲಬುರ್ಗಾ ಸೀಮೆಗೆ ತೀರ ಹೊಸದೇನೂ ಅಲ್ಲ. ಹೊಸದೆಂದರೆ, ಎತ್ತಿಗೆ ಇದ್ದ ಆ ತಿಳಿವಳಿಕೆಯನ್ನು ಯಂತ್ರಕ್ಕೆ ಕಲಿಸಲು ಜಗತ್ತಿನ ಶ್ರೀಮಂತ ಸಂಸ್ಥೆಗಳು ಹೊಳೆಯಂತೆ ಹಣ ಸುರಿಯುತ್ತಿರುವುದು.

2004ರಲ್ಲಿ ಅಮೇರಿಕೆಯ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೊಂದು ಮೊಹಾವಿ ಮರಳುಗಾಡಿನಲ್ಲಿ ಚಾಲಕರಹಿತ ವಾಹನಗಳ ಪಂದ್ಯವನ್ನು ಏರ್ಪಡಿಸಿದಾಗ ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಮರುವರ್ಷವೇ ಐದು ವಾಹನಗಳು ಮುಟ್ಟಿದವು. 2020ರಲ್ಲಿ ಅದೇ ದೇಶದ ಫೀನಿಕ್ಸ್ ನಗರದಲ್ಲಿ ಚಾಲಕನ ಆಸನ ಬರಿದಾಗಿರುವ ವೇಮೋ ಸಂಸ್ಥೆಯ ಬಾಡಿಗೆ ಕಾರನ್ನು ಜನಸಾಮಾನ್ಯರು ಏರಿದರು. ನಮ್ಮ ಬೆಂಗಳೂರಿನಲ್ಲಿಯೂ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಕೂಡಿ ರೂಪಿಸಿದ ಇಂತಹದೊಂದು ವಾಹನವು 2025ರಲ್ಲಿ ಕಾಲೇಜಿನ ಆವರಣದಲ್ಲಿ ಓಡಿ ಎಲ್ಲರ ಬೆರಗಿಗೆ ಪಾತ್ರವಾಯಿತು. ಆದುದರಿಂದ ಇದು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವ ಕಾಲ ಕಳೆದುಹೋಯಿತು. ಆದರೆ ಈ ಯಂತ್ರದ ಬೆನ್ನಿಗೆ ಒಂದು ವಾದವೂ ಬಂದಿದೆ. ನನ್ನ ಆಕ್ಷೇಪಣೆ ಇರುವುದು ಯಂತ್ರದ ಮೇಲಲ್ಲ, ಆ ವಾದದ ಮೇಲೆ.

ವಾದವು ಹೀಗಿದೆ. ಮನುಷ್ಯನು ವಾಹನ ನಡೆಸುವಾಗ ಮುಂದಿನ ವಾಹನದಿಂದ ಸುಮಾರು ಎರಡು ಸೆಕೆಂಡುಗಳಷ್ಟು ಅಂತರವನ್ನು ಬಿಡಬೇಕಾಗುವುದು. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕನ್ನು ಒತ್ತಲು ಅಷ್ಟು ಹೊತ್ತು ಬೇಕು. ಆ ಪ್ರಕಾರ ರಸ್ತೆಯ ಒಂದು ಪಥದಲ್ಲಿ ಗಂಟೆಗೆ 1,800 ವಾಹನಗಳಷ್ಟೇ ಹಾಯಬಲ್ಲವು. ಯಂತ್ರಗಳಾದರೋ ಒಂದರೊಡನೊಂದು ರೇಡಿಯೋ ಮೂಲಕ ಮಾತನಾಡಿಕೊಂಡು ಅಂತರವನ್ನು ಒಂದು ಸೆಕೆಂಡಿಗೆ ಇಳಿಸಿದರೆ ಅದೇ ಪಥದಲ್ಲಿ ಅದರ ಇಮ್ಮಡಿ ವಾಹನಗಳು ಹಾಯುವುವು. ಅಂದಮೇಲೆ ರಸ್ತೆ ಅಗಲಿಸುವುದೇಕೆ, ರೈಲು ಹಾಕುವುದೇಕೆ, ಬಸ್ಸು ಕೊಳ್ಳುವುದೇಕೆ? ಯಂತ್ರವು ಬರಲಿ, ಇದ್ದ ರಸ್ತೆಯೇ ಎರಡರಷ್ಟಾಗುವುದು! ಕೇಳಲು ಸೊಗಸಾಗಿದೆ. ಹಣ ಖರ್ಚು ಮಾಡದೆ ಕೆಲಸವಾಗುವುದೆಂಬ ಮಾತು ಯಾವ ಸರಕಾರಕ್ಕೆ ತಾನೆ ಹಿಡಿಸದು?

ಗಣಿತದಲ್ಲಿ ತಪ್ಪಿಲ್ಲ. ಆದರೆ ಆ ಗಣಿತವು ಫಲಿಸಬೇಕಾದರೆ ರಸ್ತೆಯ ಮೇಲಿರುವ ವಾಹನಗಳೆಲ್ಲವೂ ಅಂತಹ ಯಂತ್ರಗಳೇ ಆಗಿರಬೇಕು. ನಡುವೆ ಮನುಷ್ಯನು ನಡೆಸುವ ಒಂದು ಟ್ರ್ಯಾಕ್ಟರು ಬಂದಿತೆಂದರೆ ಹಿಂದಿರುವ ಯಂತ್ರವು ಮತ್ತೆ ಹಳೆಯ ಅಂತರಕ್ಕೆ ಸರಿಯಬೇಕು. ಎಚ್ಚರಿಕೆಯ ಯಂತ್ರವಾಗಿದ್ದರೆ ಅದಕ್ಕಿಂತಲೂ ಹಿಂದೆ ಸರಿಯುವುದು. ಹೀಗಾಗಿ ಯಂತ್ರಗಳು ಬೆರಳೆಣಿಕೆಯಷ್ಟೇ ಇರುವ ಮೊದಲ ವರ್ಷಗಳಲ್ಲಿ ರಸ್ತೆಯ ಸಾಮರ್ಥ್ಯ ಹೆಚ್ಚುವುದರ ಬದಲು ಕುಗ್ಗಬಹುದು.

ಇನ್ನೊಂದು ತೊಡಕು ಹಳೆಯದು. ಅಮೇರಿಕೆಯ ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲಿಯೇ ಅದನ್ನು ತೋರಿಸಿಕೊಟ್ಟರು: ರಸ್ತೆಯನ್ನು ಅಗಲಿಸಿದರೆ, ಇದುವರೆಗೆ ಬೇರೆ ಹಾದಿಯಲ್ಲಿ, ಬೇರೆ ವೇಳೆಯಲ್ಲಿ, ಬೇರೆ ವಾಹನದಲ್ಲಿ ಹೋಗುತ್ತಿದ್ದವರೆಲ್ಲರೂ ಅಲ್ಲಿಗೇ ಬಂದು ಕೂಡುವರು, ದಟ್ಟಣೆ ಮತ್ತೆ ಮೊದಲಿನಂತಾಗುವುದು. ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಕೇಟಿ ಹೆದ್ದಾರಿಯನ್ನು ಪಕ್ಕದ ರಸ್ತೆಗಳೂ ಸೇರಿ ಅತ್ಯಗಲವಾದೆಡೆಯಲ್ಲಿ 26 ಪಥಗಳಿಗೆ ಹಿಗ್ಗಿಸಿದರು. ಆ ಕೆಲಸ 2008ರಲ್ಲಿ ಮುಗಿಯಿತು. ಕೆಲವೇ ವರ್ಷಗಳಲ್ಲಿ ಸಂಜೆಯ ಪ್ರಯಾಣದ ಅವಧಿ ಮತ್ತೆ ಏರತೊಡಗಿತು. ಯಂತ್ರದಿಂದ ಹೆಚ್ಚಿದ ಸಾಮರ್ಥ್ಯಕ್ಕೂ ಇದೇ ಗತಿ ಬಾರದೆಂದು ಹೇಳುವುದಕ್ಕೆ ಕಾರಣ ಕಾಣೆ. ಮೇಲಾಗಿ ಚಾಲಕನಿಲ್ಲದ ಕಾರು ಮಾಲೀಕನನ್ನು ಕಚೇರಿಗೆ ಇಳಿಸಿ, ನಿಲ್ಲಲು ಜಾಗ ಸಿಗಲಿಲ್ಲವೆಂದು ಖಾಲಿಯಾಗಿಯೇ ಊರು ಸುತ್ತುತ್ತಿರಬಹುದು. ಒಬ್ಬನೂ ಕುಳಿತಿರದ ವಾಹನಕ್ಕೆ ದಾರಿ ಬಿಡುವ ಭಾಗ್ಯ ನಮ್ಮ ಪಾಲಿಗೆ ಬಾರದಿರಲಿ.

ಇಷ್ಟಾಯಿತು ಪರದೇಶದ ಮಾತು. ಇನ್ನು ನಮ್ಮ ಸಡಕುಗಳಿಗೆ ಬರೋಣ.

ವಿಜಯಪುರದ ಕಡೆಯಿಂದ ಚಿತ್ರದುರ್ಗಕ್ಕೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿ ಕುಷ್ಟಗಿಯನ್ನು ಹಾದು ಹೊಸಪೇಟೆಯ ಕಡೆಗೆ ಇಳಿಯುತ್ತದೆ. ಅದು ಈಗ ಚತುಷ್ಪಥವಾಗಿದೆ. ಹುಬ್ಬಳ್ಳಿ, ಗದಗಿನ ಮೇಲಾಗಿ ಬರುವ 67ನೆಯ ಹೆದ್ದಾರಿ ಕೊಪ್ಪಳವನ್ನು ಹಾದು ಬಳ್ಳಾರಿಯ ಕಡೆಗೆ ಸಾಗುತ್ತದೆ. ಈ ಎರಡು ದಾರಿಗಳನ್ನು ಮಾತ್ರ ನೋಡಿದರೆ ಯಂತ್ರದ ಕಾರಿಗೆ ತಕ್ಕ ರಸ್ತೆ ಸಿದ್ಧವಾಗಿದೆಯೆಂದೇ ತೋರುವುದು. ಆದರೆ ಗಿಣಿಗೇರಿಯ ಹತ್ತಿರ ಕಾರ್ಖಾನೆಗಳಿಗೆ ತಿರುಗುವ ಲಾರಿಗಳ ಸಾಲನ್ನು ನೋಡಿರಿ. ಅಲ್ಲಿಂದ ಗಂಗಾವತಿ, ಕಾರಟಗಿಯ ಕಡೆಗೆ ಬನ್ನಿರಿ. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರುಂಡ ಈ ನಾಡಿನಲ್ಲಿ ಸುಗ್ಗಿ ಬಂದಿತೆಂದರೆ ರಸ್ತೆಯ ಅರ್ಧ ಭಾಗ ಕಣವಾಗಿಬಿಡುತ್ತದೆ. ಡಾಂಬರಿನ ಮೇಲೆ ಭತ್ತವನ್ನು ಹರವಿ, ವಾಹನ ಹತ್ತದಿರಲೆಂದು ಅಂಚಿಗೆ ಕಲ್ಲುಗಳನ್ನು ಇಟ್ಟಿರುತ್ತಾರೆ. ರಾತ್ರಿ ರಾಶಿಯ ಮೇಲೆ ತಾಡಪತ್ರಿ ಹೊದಿಸಿ ಒಬ್ಬನು ಪಕ್ಕದಲ್ಲಿಯೇ ಮಲಗುತ್ತಾನೆ. ಕುಷ್ಟಗಿ, ಯಲಬುರ್ಗಾದ ಖುಷ್ಕಿ ಸೀಮೆಯಲ್ಲಿ ಅದೇ ರಸ್ತೆಯ ಮೇಲೆ ಹುರುಳಿಯ ಬಳ್ಳಿ, ಸಜ್ಜೆಯ ತೆನೆ ಬಿದ್ದಿರುತ್ತವೆ. ಹಾಯ್ದುಹೋಗುವ ಲಾರಿಯೇ ಅಲ್ಲಿ ರೋಣಗಲ್ಲು. ಭತ್ತದ ಹುಲ್ಲನ್ನು ಎರಡೂ ಕಡೆಗೆ ಚಾಚಿ ಹೇರಿಕೊಂಡ ಟ್ರ್ಯಾಕ್ಟರು ಬಂದರೆ ಎದುರಿನವನು ಹೊಲಕ್ಕೆ ಇಳಿಯಬೇಕು. ಜೊತೆಗೆ ಕುರಿಯ ಹಿಂಡು, ಆಳುಗಳನ್ನು ತುಂಬಿಕೊಂಡ ಕ್ರೂಸರು, ಟಂಟಂ, ಶಾಲೆಯ ಮಕ್ಕಳ ಸೈಕಲ್ಲು.

ಚಾಲಕರಹಿತ ವಾಹನವು ಕ್ಯಾಮರಾ, ರಾಡಾರು ಮತ್ತು ಲೇಸರು ಕಿರಣಗಳಿಂದ ನೋಡುತ್ತದೆ; ಅಂತಹ ಅನೇಕ ವಾಹನಗಳು ತಾವು ಓಡಬೇಕಾದ ರಸ್ತೆಯ ಅತಿ ಸೂಕ್ಷ್ಮವಾದ ನಕ್ಷೆಯನ್ನು ಮೊದಲೇ ತಮ್ಮೊಳಗೆ ಇಟ್ಟುಕೊಂಡಿರುತ್ತವೆ. ಮುಂಜಾನೆ ಇದ್ದ ರಸ್ತೆ ಮಧ್ಯಾಹ್ನಕ್ಕೆ ಕಣವಾಗುವ ಊರಿನ ನಕ್ಷೆಯನ್ನು ಯಾರು ಬರೆದಾರು? ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆ ನಮ್ಮ ಕಡೆಯದು. ಯಂತ್ರಕ್ಕೆ ಕಣ್ಣುಗಳು ಹತ್ತಾರಿವೆ. ಆದರೆ ಕನಕಗಿರಿಯ ಜಾತ್ರೆಯಲ್ಲಿ ಅದು ಒಂದು ಮಾರು ಮುಂದೆ ಹೋದೀತೆಂದು ನನಗೆ ನಂಬಿಕೆಯಿಲ್ಲ. ಕೊಪ್ಪಳದ ಗವಿಮಠದ ರಥೋತ್ಸವದ ದಿನವಂತೂ ಕೇಳಲೇಬೇಡಿರಿ. ಅಂದು ಲಕ್ಷಗಟ್ಟಲೆ ಜನರ ನಡುವೆ ಸಾಗುವ ವಾಹನ ಒಂದೇ, ಅದನ್ನು ಎಳೆಯುವುದು ಜನರೇ.

ರೈತರು ರಸ್ತೆಯ ಮೇಲೆ ರಾಶಿ ಮಾಡುವುದು ಸರಿಯೆಂದು ನಾನು ಹೇಳುತ್ತಿಲ್ಲ. ಅದರಿಂದ ದ್ವಿಚಕ್ರ ವಾಹನದವರು ಜಾರಿ ಬಿದ್ದು ಪ್ರಾಣ ಕಳೆದುಕೊಳ್ಳುವುದುಂಟು. ಆದರೆ ಒಣಗಿಸಲು ಕಣ ಬೇಕಲ್ಲವೆ? ಪ್ರತಿ ಪಂಚಾಯತಿಯಲ್ಲಿ ನಾಲ್ಕಾರು ಗಟ್ಟಿ ಕಣಗಳನ್ನು ಕಟ್ಟಿಸಿದರೆ ನಮ್ಮ ರಸ್ತೆಯ ಸಾಮರ್ಥ್ಯ ಸುಗ್ಗಿಯ ತಿಂಗಳುಗಳಲ್ಲಿ ಅಂದೇ ಇಮ್ಮಡಿಯಾಗುವುದು. ಈ ಕೆಲಸಕ್ಕೆ ಲೇಸರು ಬೇಕಾಗಿಲ್ಲ, ಸಿಮೆಂಟು ಸಾಕು.

ರಸ್ತೆಯ ‘ಸಾಮರ್ಥ್ಯ’ವೆಂಬ ಮಾತನ್ನು ಸರಕಾರ ಹೇಗೆ ಅಳೆಯುವುದೆಂಬುದನ್ನು ನಾವು ತಿಳಿಯಬೇಕು, ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಜಯಕರ್ ಅವರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಮಿತಿಯ ಶಿಫಾರಸಿನಿಂದ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಮ್ಮ ದೇಶದ ರಸ್ತೆಗಳ ಅಳತೆಗಳನ್ನು ಗೊತ್ತುಮಾಡುತ್ತದೆ. ಹಳ್ಳಿಗಾಡಿನ ರಸ್ತೆಗಳ ಸಾಮರ್ಥ್ಯದ ಬಗ್ಗೆ 1990ರಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಕೋಷ್ಟಕವಿದೆ. ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ಇಳಿಸುವ ಕೋಷ್ಟಕ ಅದು. ಕಾರು ಒಂದು, ಮೋಟಾರು ಸೈಕಲ್ಲು ಅರ್ಧ, ಬಸ್ಸು ಅಥವಾ ಲಾರಿ ಮೂರು, ಟ್ರೇಲರು ಕಟ್ಟಿದ ಟ್ರ್ಯಾಕ್ಟರು ನಾಲ್ಕೂವರೆ, ಎತ್ತಿನ ಚಕ್ಕಡಿ ಎಂಟು! ಒಂದು ಚಕ್ಕಡಿ ಎಂಟು ಕಾರಿಗೆ ಸಮವೆಂದು ಕೇಳಿ ನಮ್ಮ ರೈತರು ಹಿಗ್ಗಬೇಕಾಗಿಲ್ಲ. ಇದು ಗೌರವದ ಲೆಕ್ಕವಲ್ಲ, ಅಡಚಣೆಯ ಲೆಕ್ಕ. ಚಕ್ಕಡಿಯು ಎಂಟು ಕಾರುಗಳಷ್ಟು ದಾರಿಯನ್ನು ಕೆಡಿಸುತ್ತದೆಂದು ಅದರ ಅರ್ಥ. ಈ ಅಳತೆಯ ಪ್ರಕಾರ ಬಯಲುಸೀಮೆಯ ಒಂದು ದ್ವಿಪಥ ರಸ್ತೆಯು ದಿನಕ್ಕೆ 15,000 ಕಾರು-ಮಾನಗಳನ್ನು ಹೊರಬಲ್ಲದು. ಏಕಪಥವಾದರೆ 2,000 ಮಾತ್ರ.

ಕೋಷ್ಟಕದ ಲೆಕ್ಕ ಇಂಜಿನಿಯರರಿಗೆ ಬೇಕಾದುದೇ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದರಲ್ಲಿ ಮನುಷ್ಯನೆಲ್ಲಿದ್ದಾನೆ? ಪಾದಚಾರಿಗೆ ಅಲ್ಲಿ ಅಂಕಿಯೇ ಇಲ್ಲ. ವಾಹನದೊಳಗೆ ಒಬ್ಬನಿದ್ದರೂ ಒಂದೇ, ಅರವತ್ತು ಜನರಿದ್ದರೂ ಒಂದೇ. ತರ್ಕಕ್ಕಾಗಿ ಒಂದು ಲೆಕ್ಕ ಮಾಡೋಣ. 15,000 ಮಾನಗಳ ಆ ರಸ್ತೆಯನ್ನು ಪೂರ್ತಿಯಾಗಿ ಕಾರುಗಳಿಗೇ ಬಿಟ್ಟು, ಕಾರಿಗೆ ಇಬ್ಬರಂತೆ ಹಿಡಿದರೆ ದಿನಕ್ಕೆ 30,000 ಜನ ಹಾಯುವರು. ಅದೇ ರಸ್ತೆಯನ್ನು ಬಸ್ಸುಗಳಿಗೆ ಬಿಟ್ಟರೆ 5,000 ಬಸ್ಸುಗಳಾದವು; ಬಸ್ಸಿಗೆ ಐವತ್ತರಂತೆ 2,50,000 ಜನ! ಯಂತ್ರದ ಕಾರುಗಳು ಅಂತರವನ್ನು ಅರ್ಧಕ್ಕೆ ಇಳಿಸಿದರೂ 30,000ವು 60,000 ಆದೀತೇ ಹೊರತು ಬಸ್ಸಿನ ಹತ್ತಿರಕ್ಕೂ ಬಾರದು. ರಸ್ತೆ ತುಂಬ ಬರಿಯ ಬಸ್ಸುಗಳು ಓಡಲಾರವು, ನಿಜ; ಹಾಗೆಯೇ ಬರಿಯ ಯಂತ್ರದ ಕಾರುಗಳೂ ಓಡಲಾರವು. ಎರಡೂ ಕಲ್ಪನೆಗಳೇ ಆಗಿರುವಾಗ ನಮಗೆ ಲಾಭದ ಕಲ್ಪನೆಯನ್ನು ಬಿಟ್ಟು ನಷ್ಟದ ಕಲ್ಪನೆಯನ್ನು ಅಪ್ಪಿಕೊಳ್ಳುವುದೇಕೆ?

ಈ ಬುದ್ಧಿ ನಮ್ಮ ಸೀಮೆಗೆ ಹೊಸದಾಗಿ ಬರಬೇಕಾದುದೂ ಅಲ್ಲ. ಕೊಪ್ಪಳವು ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1932ರಲ್ಲಿ, ನಿಜಾಮರ ರೈಲ್ವೆಯು ತನ್ನದೇ ಅಂಗವಾಗಿ ರಸ್ತೆ ಸಾರಿಗೆಯ ಇಲಾಖೆಯೊಂದನ್ನು ತೆರೆಯಿತು. 27 ಬಸ್ಸುಗಳೂ 166 ನೌಕರರೂ ಇದ್ದ ಆ ಇಲಾಖೆ ಸರಕಾರವೇ ಬಸ್ಸು ನಡೆಸಿದ ದೇಶದ ಮೊದಲ ಪ್ರಯತ್ನಗಳಲ್ಲೊಂದು. ಆ ರಾಜ್ಯದಲ್ಲಿ ಪ್ರಜೆಗಳಿಗಿದ್ದ ಕಷ್ಟಗಳನ್ನು ಯಾರೂ ಮರೆಯಲಾರರು. ಆದರೂ ರೈಲು ಮತ್ತು ಬಸ್ಸು ಒಂದೇ ಕೈಯಲ್ಲಿರಬೇಕೆಂಬ ಆ ವಿಚಾರ ಒಳ್ಳೆಯದಾಗಿತ್ತು. ಇಂದು ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ರೈಲು ಕೇಂದ್ರ ಸರಕಾರದ್ದು, ಹೆದ್ದಾರಿ ಇನ್ನೊಂದು ಪ್ರಾಧಿಕಾರದ್ದು, ಹಳ್ಳಿಯ ರಸ್ತೆ ಪಂಚಾಯತಿಯದು.

ರೈಲಿನ ವಿಷಯದಲ್ಲಿ ಸಂತೋಷಪಡಬೇಕಾದ ಸಂಗತಿಯೂ ಇದೆ. 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬನಗರ ಮಾರ್ಗದಲ್ಲಿ 2019ರಲ್ಲಿ ಗಂಗಾವತಿಗೂ, 2024ರಲ್ಲಿ ಸಿಂಧನೂರಿಗೂ ರೈಲು ಮುಟ್ಟಿತು. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯ ಜನರು ತಮ್ಮ ಊರಿನಲ್ಲಿ ರೈಲನ್ನು ಕಂಡರು. ಮಂಜೂರಾದ ವರ್ಷ ಹುಟ್ಟಿದ ಮಗು ಕಾಲೇಜು ಮುಗಿಸುವ ಹೊತ್ತಿಗೆ ಗಂಗಾವತಿಗೆ ರೈಲು ಬಂದಿತೆಂಬುದು ಬೇರೆಯ ಮಾತು. ಈಗ ಬೇಕಾಗಿರುವುದು ಆ ನಿಲ್ದಾಣಗಳಿಂದ ಹಳ್ಳಿಗಳಿಗೆ ರೈಲಿನ ವೇಳೆಗೆ ಹೊಂದಿದ ಬಸ್ಸು. ಅದಿಲ್ಲದಿದ್ದರೆ ರೈಲು ಇಳಿದವನು ಮತ್ತೆ ಟಂಟಂ ಹತ್ತಿ ಅದೇ ರಸ್ತೆಯನ್ನು ತುಂಬುವನು.

ಬಸ್ಸಿನ ಮಾತು ಬಂದಾಗ ನಮ್ಮ ಕಾಲೇಜಿನ ಹುಡುಗ ಹುಡುಗಿಯರಿಗೆ ವಿವರಣೆ ಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಹಳ್ಳಿಗಳಿಂದ ಬಸ್ಸಿನಲ್ಲಿಯೇ ಬರುವವರು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಮೂಲಕ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇದರಿಂದ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲದೆ ಮುಂದುವರಿಯಲು ಅನುಕೂಲವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಕೆಲವರು ಪಡಸಾಲೆಯಲ್ಲಿ ಕುಳಿತು ಇದನ್ನು ಜರೆಯುವುದು ನನಗೆ ಸರಿಬಾರದು. ಆದರೆ ಟಿಕೇಟು ಉಚಿತವಾದಷ್ಟು ಸುಲಭವಾಗಿ ಆಸನಗಳು ಹೆಚ್ಚುವುದಿಲ್ಲ. ಮುಂಜಾನೆಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು ಇಟ್ಟು ಜೋತುಬೀಳುವ ಗೆಳೆಯರನ್ನು ದಿನವೂ ನೋಡುತ್ತಿದ್ದೇವೆ. ಚತುಷ್ಪಥ ಬಂದ ಮೇಲೆ ಇನ್ನೊಂದು ವಿಚಿತ್ರ: ಬಸ್ಸು ಮೇಲ್ಸೇತುವೆಯ ಮೇಲೆ ಹಾದುಹೋದರೆ ಕೆಳಗಿನ ಊರಿನವರು ಅದರ ಸದ್ದನ್ನು ಮಾತ್ರ ಕೇಳುವರು. ರಸ್ತೆಯ ಸಾಮರ್ಥ್ಯ ಹೆಚ್ಚಿತು, ಊರಿನ ಬಸ್ಸು ತಪ್ಪಿತು. ಇದನ್ನು ಯಾವ ಕೋಷ್ಟಕದಲ್ಲಿ ಬರೆಯುವರೋ!

ಯಂತ್ರದ ಪರವಾಗಿ ಹೇಳಬೇಕಾದ ಮಾತೊಂದಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆಯ ಅಪಘಾತಗಳಲ್ಲಿ 1,68,491 ಜನ ಸತ್ತರು. ಯಂತ್ರವು ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಮೊಬೈಲು ನೋಡುವುದಿಲ್ಲ. ಅದಕ್ಕೂ ತಪ್ಪುಗಳಿವೆ: 2018ರಲ್ಲಿ ಅಮೇರಿಕೆಯ ಟೆಂಪೆಯಲ್ಲಿ ಪರೀಕ್ಷೆಗೆ ಬಿಟ್ಟ ವಾಹನವೊಂದು ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸನ್ನು ಕೊಂದಿತು, 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾದಚಾರಿಯೊಬ್ಬಳನ್ನು ಎಳೆದುಕೊಂಡು ಹೋದ ಮೇಲೆ ಕ್ರೂಸ್ ಎಂಬ ಸಂಸ್ಥೆಯ ಪರವಾನಗಿಯನ್ನು ಅಲ್ಲಿನ ಸರಕಾರ ತಡೆಹಿಡಿಯಿತು. ಆದರೂ ಒಟ್ಟಿನಲ್ಲಿ ಅದು ಮನುಷ್ಯನಿಗಿಂತ ಸುರಕ್ಷಿತವಾಗುವ ದಿನ ಬರಬಹುದು. ಹಾಗಾದರೆ ನಮಗೆ ಬೇಕಾದ ಗುಣವನ್ನು ಮೊದಲು ತೆಗೆದುಕೊಳ್ಳೋಣ. ನಿದ್ರೆಗಣ್ಣಿನ ಚಾಲಕನನ್ನು ಎಚ್ಚರಿಸುವ ಸಾಧನ, ಎದುರಿಗೆ ಅಡ್ಡ ಬಂದಾಗ ತಾನೇ ಬ್ರೇಕು ಹಾಕುವ ಸಾಧನ ಇವು ಲಾರಿ, ಬಸ್ಸುಗಳಿಗೆ ಬರಲಿ. ಅದೇ ವರ್ಷ ಸತ್ತವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರದವರು, 19 ಮಂದಿ ಪಾದಚಾರಿಗಳು. ಅಂದರೆ ಹೆಚ್ಚಿನವರು ಕಾರಿನೊಳಗೆ ಇದ್ದವರಲ್ಲ. ಇವರಿಗೆ ರಸ್ತೆಯ ಪಕ್ಕದಲ್ಲಿ ಮೂರು ಮೊಳದ ಗಟ್ಟಿ ದಾರಿಯೊಂದಿದ್ದರೆ ಎಷ್ಟೋ ಪ್ರಾಣಗಳು ಉಳಿಯುವುವು.

ಚಾಲಕರ ಹೊಟ್ಟೆಪಾಡು ಇನ್ನೊಂದು ಪ್ರಶ್ನೆ. ಇಂತಹ ವಾಹನಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ, ಅವು ಉದ್ಯೋಗವನ್ನು ಕಸಿಯುವುವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿ ಹೇಳಿದರು. ನಮ್ಮ ಊರುಗಳಲ್ಲಿ ಎಸ್.ಎಸ್.ಎಲ್.ಸಿ. ದಾಟದ ಹುಡುಗನಿಗೆ ಸುಲಭವಾಗಿ ಸಿಗುವ ಕೆಲಸವೆಂದರೆ ಸ್ಟೀರಿಂಗು ಹಿಡಿಯುವುದೇ. ಆದುದರಿಂದ ಸಚಿವರ ಕಳಕಳಿ ಒಪ್ಪತಕ್ಕದ್ದೇ. ಆದರೆ ‘ಬೇಡ’ ಎನ್ನುವುದಷ್ಟೇ ನೀತಿಯಾಗಲಾರದು. ಭತ್ತ ಕೊಯ್ಯುವ ಯಂತ್ರ ಗಂಗಾವತಿಗೆ ಬಂದಾಗ ಕುಡುಗೋಲಿನವರನ್ನು ಯಾರೂ ಕೇಳಲಿಲ್ಲ. ಅದು ಬಂದಿತು, ಅವರು ಗುಳೆ ಹೋದರು. ಚಾಲಕನಿಗೆ ಆ ಗತಿ ಬಾರದಂತೆ ಮಾಡುವ ಒಂದು ಹಾದಿ, ಬಸ್ಸುಗಳನ್ನು ಹೆಚ್ಚಿಸಿ ಅವನನ್ನು ಅಲ್ಲಿಗೆ ತೆಗೆದುಕೊಳ್ಳುವುದು.

ಇದೆಲ್ಲವೂ ಬರಿಯ ಮಾತಾಗಬಾರದೆಂದರೆ ನಮ್ಮ ಕೈಯಲ್ಲಿ ನಮ್ಮದೇ ಅಂಕಿಗಳಿರಬೇಕು. ಹೆದ್ದಾರಿಯ ಟೋಲಿನವರು ವಾಹನಗಳನ್ನು ಎಣಿಸುವರು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲಂತೂ ಅದು ಕ್ಷಣಕ್ಷಣಕ್ಕೂ ನಡೆಯುತ್ತಿದೆ. ಜನರನ್ನು ಎಣಿಸುವವರು ಯಾರು? ನಮ್ಮ ಅರ್ಥಶಾಸ್ತ್ರ ಮತ್ತು ಭೂಗೋಳ ವಿಭಾಗಗಳ ವಿದ್ಯಾರ್ಥಿಗಳೇಕೆ ಈ ಕೆಲಸವನ್ನು ಕೈಕೊಳ್ಳಬಾರದು? ಕೊಪ್ಪಳದ ಬಸ್ ನಿಲ್ದಾಣದ ಮುಂದೆ, ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಕುಷ್ಟಗಿಯ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಯಲಬುರ್ಗಾದಿಂದ ಕುಕನೂರಿಗೆ ಹೋಗುವ ದಾರಿಯಲ್ಲಿ ಹೀಗೆ ನಾಲ್ಕು ಕಡೆ, ಕಡೆಗೆ ಮೂವರಂತೆ ಹನ್ನೆರಡು ಜನ ಸಾಕು. ಒಬ್ಬನು ವಾಹನಗಳನ್ನು ಬರೆದುಕೊಳ್ಳಲಿ, ಒಬ್ಬಳು ಅವುಗಳೊಳಗಿನ ಜನರನ್ನು. ಮೂರನೆಯವರು ನಡೆಯುವವರನ್ನೂ, ಸೈಕಲ್ಲಿನವರನ್ನೂ, ಬಸ್ಸು ನಿಲ್ಲದೆ ಹೋದುದರಿಂದ ಹಿಂದುಳಿದವರನ್ನೂ ಬರೆದುಕೊಳ್ಳಲಿ. ಬೆಳಿಗ್ಗೆ 7ರಿಂದ 11ರವರೆಗೆ, ಸಂಜೆ 4ರಿಂದ 7ರವರೆಗೆ. ಭತ್ತದ ಸುಗ್ಗಿಯಲ್ಲಿ ಎರಡು ದಿನ, ಬೇಸಿಗೆಯಲ್ಲಿ ಎರಡು ದಿನ. ಬಂದ ಅಂಕಿಗಳನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚು ಮಾಡಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಇನ್ನೊಂದನ್ನು ಸಾರಿಗೆ ನಿಗಮದ ವಿಭಾಗೀಯ ಕಚೇರಿಗೂ ಕೊಟ್ಟುಬರಬಹುದು. ಇದಕ್ಕೆ ಒಪ್ಪುವ ಗೆಳೆಯರು ಸುಗ್ಗಿಗೆ ಮೊದಲೇ ತಮ್ಮ ಹೆಸರುಗಳನ್ನು ಅರ್ಥಶಾಸ್ತ್ರದ ಅಧ್ಯಾಪಕರಲ್ಲಿ ಕೊಡಬೇಕಾಗಿ ಕೋರುತ್ತೇನೆ.